ಪೌಡರಿನ ತಪ್ಪೇನಿಲ್ಲ

ಜುಲೈ ೧೪, ಸೋಮವಾರ

ಪುಟ್ಟೀ,

ಹೇಗಿದ್ದೀಯ? ನೀನು ಫೋನು ಮಾಡಿದಂದಿನಿಂದ ಬರೆಯಬೇಕು ಬರೆಯಬೇಕು ಅಂತಲೇ ದಿನ ತಳ್ಳಿದೆ, ಬೈಯಬೇಡ. ಔಷಧಿ ಏರಿಸಿದ ಮೇಲೆ ಪೆನ್ನು ಹಿಡಿದರೆ ಕೈ ನಡುಗುತ್ತದೆ. ಊರವರ ಕೆನ್ನೆಯ ಮೇಲೆ ಕ್ಷೌರದ ಕತ್ತಿ ಆಡಿಸಿದ ಕೈ ಇದೇನಾ ಅಂತ ನನಗೇ ನಗು.

ಅಂಗಡಿಯ ಸುದ್ದಿ ಕೇಳು. ನನ್ನ ಮಾನ ಉಳಿಸಲು ಹೋಗಿ ನಿನ್ನ ಅಣ್ಣ ಒಂದು ಯಡವಟ್ಟು ಮಾಡಿದ. ಶ್ವಾಸಕೋಶದ ಕ್ಯಾನ್ಸರ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಸೇದ್ತಿದ್ರಾ?" ಹೌದೆಂದರೆ ಮುಖದ ಮೇಲಿನ ಮರುಕ ಅಲ್ಲೇ ಆರಿಹೋಗುತ್ತದೆ. ನಾನು ಹಿಂಬಾಗಿಲಲ್ಲಿ ನಿಂತು ಸೇದಿ, ಏಲಕ್ಕಿ ಜಗಿದು ಒಳಗೆ ಬರುತ್ತಿದ್ದೆನಲ್ಲ, ಗಿರಾಕಿಗಳಿಗೆ ಗೊತ್ತೇ ಇರಲಿಲ್ಲ. ಇವನು, "ಅಪ್ಪ ಸಿಗರೇಟು ಮುಟ್ಟಿದವರೇ ಅಲ್ಲ, ಎಲ್ಲಾ ಈ ಪೌಡರು, ಕೂದಲಿನ ಧೂಳಿಂದ" ಅಂತ ಸಾರಿಬಿಟ್ಟ. ಅಯ್ಯೋ ಪಾಪ ಅಂದರು, ನಿಜ. ಆಮೇಲೆ ಒಬ್ಬೊಬ್ಬರೇ ಕುತ್ತಿಗೆಗೆ ಪೌಡರು ಬೇಡವೆಂದರು. ಕೊನೆಗೆ ದಿನಕ್ಕೆ ಇಬ್ಬರು ಮೂವರು ಬಂದರೆ ಹೆಚ್ಚು.

ಮೊನ್ನೆ ನಾನೇ ಹೋಗಿ ಅಂಗಡಿಯಲ್ಲಿ ಕೂತೆ. ನಮ್ಮ ಹಳೆಯ ಗಿರಾಕಿ, ಬಸ್ ಡ್ರೈವರು ಬಂದ. ಪೌಡರಿನ ಡಬ್ಬಿ ಕಂಡು ಬಾಗಿಲಲ್ಲೇ ನಿಂತ. ಅಣ್ಣ ಕನ್ನಡಿಯೊಳಗಿಂದ ಸುಮ್ಮನಿರು ಅಂತ ಕಣ್ಣು ಬಿಟ್ಟ. ನಾನು ಕೇಳುತ್ತೇನೆಯೆ? "ಪೌಡರಿನ ತಪ್ಪೇನಿಲ್ಲಪ್ಪ. ನಾನು ಸೇದ್ತಿದ್ದೆ, ಚೆನ್ನಾಗೇ ಸೇದ್ತಿದ್ದೆ" ಅಂದೆ. ಕತ್ತರಿಯ ಸದ್ದು ನಿಂತಿತು. ಕಾಯುತ್ತಿದ್ದವನೊಬ್ಬ, "ಓ, ಹಂಗಾ" ಅಂತ ಪೇಪರಿನಲ್ಲಿ ಮುಖ ಹುದುಗಿಸಿದ. ಡ್ರೈವರು ಮಾತ್ರ ಪಕ್ಕದಲ್ಲಿ ಬಂದು ಕೂತು, "ಊಟ ಸೇರುತ್ತಾ? ನಿದ್ದೆ ಬರುತ್ತಾ?" ಅಂತ ಕೇಳಿದ. ಆಮೇಲೆ ಕುರ್ಚಿ ಹತ್ತಿ, "ಹಾಕು ಮಾರಾಯ ಪೌಡರು, ಜಿಪುಣತನ ಮಾಡಬೇಡ" ಅಂದ. ಎಲ್ಲರಿಗೂ ನಗು, ನನಗೆ ಜೊತೆಗೆ ಕೆಮ್ಮು.

ನಿನ್ನ ಅಣ್ಣ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದ. ಕೆಲಸ ಕಲಿಸುವಾಗ ಹೇಳಿಕೊಟ್ಟದ್ದನ್ನೇ ಅವನಿಗೆ ನೆನಪಿಸಿದೆ. ನೊರೆಯ ಕೆಳಗೆ ಗಾಯದ ಗುರುತು ಸಿಕ್ಕರೆ ಹೇಗಾಯಿತು ಅಂತ ಕೇಳಬಾರದು, ಕೈ ಹಗುರ ಮಾಡಬೇಕು. ಅವನು ಎದ್ದು ನನ್ನ ಗಡ್ಡಕ್ಕೆ ನೊರೆ ಹಚ್ಚಿದ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಳ್ಳೆಯದಾಗಲಿ, ನನ್ನ ಆಯಸ್ಸಿನಲ್ಲೂ ಒಂದಿಷ್ಟು ನಿನಗಿರಲಿ.

ನಿನ್ನ ಅಪ್ಪ

ಮರೆತಿದ್ದೆ. ಅವತ್ತು ಫೋನಿನಲ್ಲಿ ವಿಷಯ ಕೇಳಿದ್ದೇ ತಡ ನೀನು, "ಸೇದಬೇಡ ಅಂತ ಎಷ್ಟು ಸಲ ಹೇಳಿದ್ದೆ ಅಪ್ಪ?" ಅಂದೆ. ಇನ್ನೇನೋ ಕೇಳುತ್ತೀಯ ಅಂತ ನಾನು ಫೋನು ಕಿವಿಗೆ ಹಿಡಿದೇ ಇದ್ದೆ. ನೀನು ಇಟ್ಟುಬಿಟ್ಟಿದ್ದೆ. ಮುಂದಿನ ವಾರ ಬರುತ್ತೀಯಂತೆ. ನೀನು ಹೇಳಿದ್ದು ನಿಜ, ಬಂದು ಇನ್ನೊಮ್ಮೆ ಹೇಳು, ಕೇಳಿಸಿಕೊಳ್ಳುತ್ತೇನೆ. ಮೊದಲು ಮಾತ್ರ ಊಟ ಸೇರುತ್ತಾ ಅಂತ ಕೇಳು ಮಗಳೇ.