ಆರನೇ ಮಹಡಿ ಬಿಟ್ಟು ತೊಂಬತ್ತು ಪರ್ಸೆಂಟ್

ಮಾನ್ಯ ವಸತಿ ಮಂಡಳಿಯ ನಿರ್ವಹಣಾಧಿಕಾರಿಗಳೇ,

ನಮ್ಮ ಕಟ್ಟಡದ ಲಿಫ್ಟು ಆರನೇ ಮಹಡಿಯಲ್ಲಿ ನಿಲ್ಲುವುದಿಲ್ಲ. ಆರನೇ ಮಹಡಿಯಲ್ಲಿ ನನ್ನ ಅಕ್ಕ ಇದ್ದಾಳೆ. ಸೊಂಟದ ಕೀಲಿನ ಆಪರೇಷನ್ ಆಗಿ ಗಾಲಿಕುರ್ಚಿಯಲ್ಲಿ ಕೂತವಳು ಚಳಿ ಶುರುವಾದಾಗಿನಿಂದ ಬೀದಿ ಕಂಡಿಲ್ಲ. ದೂರು ಇಷ್ಟೇ. ಇಷ್ಟಕ್ಕೆ ಬಹಿರಂಗ ಪತ್ರ ಬರೆದು ಊರಿಗೆಲ್ಲ ಕೇಳುವಂತೆ ಕೂಗಬೇಕೇ ಎಂದು ತಾವು ಹುಬ್ಬೇರಿಸಬಹುದು. ತಮಗೊಬ್ಬರಿಗೇ ಕೇಳಲಿ ಎಂದು ಮೆಲ್ಲಗೆ ಬರೆದ ಪತ್ರಗಳಿಗೆಲ್ಲ ಬಂದದ್ದು ಒಂದೇ ಉತ್ತರ: "ದುರಸ್ತಿ 90% ಪೂರ್ಣ. ದೂರು ಮುಕ್ತಾಯ."

ಈ ತೊಂಬತ್ತು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡು ಕಡೆಗೆ ತಮ್ಮ ಕಚೇರಿಗೇ ಬಂದೆ. ಲಿಫ್ಟಿಗೆ ಮಹಡಿಗೊಂದರಂತೆ ಹತ್ತು ಬಾಗಿಲು. ಒಂಬತ್ತಕ್ಕೆ ಹೊಸ ಬೀಗ ಹಾಕಿದ ಮೇಲೆ ಹತ್ತನೆಯ ಬೀಗ, ನಮ್ಮ ಆರನೇ ಮಹಡಿಯದು, ಸರಬರಾಜಾಗಲಿಲ್ಲ. ಮಿಕ್ಕವರು ಯಾಕೆ ಕಾಯಬೇಕೆಂದು ಮೆಕ್ಯಾನಿಕ್ಕು ಆರನೇ ಮಹಡಿಯಲ್ಲಿ ನಿಲ್ಲದಂತೆ ಯಂತ್ರಕ್ಕೆ ಹೇಳಿಕೊಟ್ಟು ಹೋದ. ತೊಂಬತ್ತು ಮುಟ್ಟಿದ ಕೆಲಸವನ್ನು "ಪೂರ್ಣ" ಎಂದು ಬರೆಯುವುದು ತಮ್ಮಲ್ಲಿಯ ರೂಢಿಯಂತೆ. ಪೂರ್ಣವಾದದ್ದಕ್ಕೆ ಬೀಗ ತರಿಸುವಂತಿಲ್ಲ, ಯಾಕೆಂದರೆ ಅದು ಕೆಟ್ಟಿಲ್ಲ. ಹಾಗಾದರೆ ನಾವೇನು ಮಾಡಬೇಕು ಎಂದು ಕೇಳಿದೆ.

ಕಿಟಕಿಯ ಗುಮಾಸ್ತರು ಪಾಪ, ಸಮಾಧಾನದ ಮನುಷ್ಯ. "ಮನೇಲಿ ಎಷ್ಟು ಜನ ಇದೀರಮ್ಮಾ?" ಅಂದರು.

"ಇಬ್ಬರು."

"ನೀವು ಮೆಟ್ಟಿಲು ಇಳಿದು ಬಂದಿದೀರಲ್ಲ? ಅಲ್ಲಿಗೆ ನಿಮ್ಮ ಮನೇಗೂ ಫಿಫ್ಟಿ ಪರ್ಸೆಂಟ್ ಅನುಕೂಲ ಇದೆ ಅಂತಾಯ್ತು."

ಮಾನ್ಯರೇ, ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಅವರಿಗೇ ಕೈ ಮುಗಿದು ಬಂದೆ.

ಅಕ್ಕ ಮಾತ್ರ ನಕ್ಕಳು. ಆಕೆ ಶಾಲೆಯಲ್ಲಿ ಗಣಿತ ಕಲಿಸಿದವಳು. ಶೇಕಡಾ ಲೆಕ್ಕ ತಪ್ಪು ಮಾಡಿದ ಮಕ್ಕಳನ್ನೂ ಕ್ಷಮಿಸಿದವಳು. ತಮ್ಮ ಉತ್ತರಪತ್ರವನ್ನು ಮಡಿಲಲ್ಲಿಟ್ಟುಕೊಂಡು ಆ % ಚಿಹ್ನೆಯ ಸುತ್ತ ಪೆನ್ಸಿಲ್ ಆಡಿಸುತ್ತ ಹೇಳಿದಳು: "ಇವು ನೂರರ ಎರಡು ಸೊನ್ನೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ ಕಣೇ. ಅಲ್ಲ. ಹಿಂದೆ ಇಟಲಿಯ ವ್ಯಾಪಾರಿಗಳು 'ಪೆರ್ ಚೆಂತೊ' ಅಂತ ಪೂರ್ತಿ ಬರೀತಿದ್ರು. ನೂರಕ್ಕೆ ಇಷ್ಟು ಅಂತ. ಬರೆದೂ ಬರೆದೂ ಕೈ ಸೋತು ಅಕ್ಷರ ನುಂಗೋಕೆ ಶುರು ಮಾಡಿದ್ರು. ಒಂದು ಸಿ ಉಳೀತು, ಅದರ ಪಕ್ಕ ಮೇಲ್ಗಡೆ ಪುಟ್ಟದೊಂದು ಸುತ್ತು. ಆಮೇಲೆ ಆ ಸಿ ಕೂಡ ಸುತ್ಕೊಂಡು ಸೊನ್ನೆ ಥರ ಆಯ್ತು, ಮಧ್ಯೆ ಒಂದು ಗೀಟು ಬಂತು. 'ಪೆರ್' ಅನ್ನೋದು ಬಿದ್ದೇ ಹೋಯ್ತು. ಕೊನೆಗೆ ಗೀಟೂ ಓರೆ ಆಯ್ತು." ಅಂದರೆ ಅವಸರದಲ್ಲಿದ್ದವರು ನುಂಗಿ ನುಂಗಿ ಉಳಿಸಿದ ಎಂಜಲು ಅದು. ತಮ್ಮ ಕಚೇರಿಗೆ ಅದು ಅಷ್ಟೊಂದು ಒಗ್ಗಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

ಆ ಗುರುತಿನ ಮೇಲೆ ನನಗೆ ಹಗೆಯಿಲ್ಲ. ಬಟ್ಟೆಯಲ್ಲಿ ಹತ್ತಿ ಎಷ್ಟು, ಹಾಲಿನಲ್ಲಿ ಕೊಬ್ಬೆಷ್ಟು, ನಾಳೆ ಮಳೆ ಬರುವ ಸಂಭವ ಎಷ್ಟು ಎಂದು ಅದು ಹೇಳಿದರೆ ನಾನೂ ನಂಬುತ್ತೇನೆ. ಕಚೇರಿಗಳಲ್ಲಿ ಪರ್ಸೆಂಟೇಜ್ ಎಂದರೆ ಮತ್ತೊಂದು ಅರ್ಥವೂ ಇದೆ ಎನ್ನುತ್ತಾರೆ, ಆ ಮಾತು ಇಲ್ಲಿ ಬೇಡ. ಆದರೆ ನಾನು ಹೊಲಿಗೆಯವಳು. ತಾವು ನನ್ನಲ್ಲಿ ಪ್ಯಾಂಟು ಹೊಲಿಯಲು ಕೊಟ್ಟಿರಿ ಎನ್ನಿ. ನಾನು ತೊಂಬತ್ತು ಪರ್ಸೆಂಟ್ ಹೊಲಿದು, ಉಳಿದ ಹತ್ತನ್ನು ಹಿಂಬದಿಯಲ್ಲಿ ಹಾಗೇ ಬಿಟ್ಟು, ಕೆಲಸ ಪೂರ್ಣ ಎಂದು ಚೀಟಿ ಅಂಟಿಸಿ ಕಳಿಸುತ್ತೇನೆ. ಅದನ್ನು ತೊಟ್ಟು ಸಭೆಗೆ ಹೋಗುತ್ತೀರಾ? ಬಿಟ್ಟುಹೋದದ್ದು ಎಷ್ಟು ಎನ್ನುವುದಕ್ಕಿಂತ ಎಲ್ಲಿ ಬಿಟ್ಟುಹೋಗಿದೆ ಎನ್ನುವುದು ದೊಡ್ಡದು ಎಂದು ಆಗ ತಮಗೂ ತಣ್ಣಗೆ ತಿಳಿಯುತ್ತದೆ.

ಐದನೇ ಮಹಡಿಯವರೆಗೆ ಹೊತ್ತು ಇಳಿಸಿ ಅಲ್ಲಿ ಲಿಫ್ಟು ಹತ್ತಿಸಬಹುದಲ್ಲ ಎಂದು ತಮ್ಮವರು ಬುದ್ಧಿ ಹೇಳಿದ್ದಾರೆ. ಹೊತ್ತೆವು. ಬೀರು, ಪಿಯಾನೊ ಹೊರುವ ಇಬ್ಬರು ಗಟ್ಟಿಗರನ್ನು ಕರೆಸಿದೆ. ಅಕ್ಕನನ್ನು ಕುರ್ಚಿಗೆ ದುಪಟ್ಟಾದಿಂದ ಕಟ್ಟಿ ಎತ್ತಿದರು. ಐದನೇ ಮಹಡಿಗೆ ಇಳಿಯುವ ಮೆಟ್ಟಿಲ ತಿರುವಿನಲ್ಲಿ ಹಿಂದಿನವನ ಕಾಲು ಜಾರಿತು. ಕುರ್ಚಿ ಮುಂದಕ್ಕೆ ವಾಲಿ, ಅಕ್ಕ ಗೋಡೆಯ ಕಡೆ ಎರಡೂ ಕೈ ಚಾಚಿದಳು. ಬೀಳಲಿಲ್ಲ. ಆದರೆ ಅಲ್ಲಿಂದಲೇ, "ವಾಪಸ್ ಮೇಲಕ್ಕೆ ಕರ್ಕೊಂಡು ಹೋಗ್ರಪ್ಪಾ, ನಾನು ಸಾಮಾನಲ್ಲ," ಎಂದಳು. ಆಕೆಯ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು.

ಆಸೆ ಇದ್ದದ್ದು ನೀರಿನ ಮೇಲೆ. ಆಸ್ಪತ್ರೆಯ ಬೆಚ್ಚಗಿನ ಕೊಳದಲ್ಲಿ ನಿಂತು ವ್ಯಾಯಾಮ ಮಾಡಿದರೆ ಮತ್ತೆ ನಡೆಯಬಹುದು, ತಡವಾದರೆ ಕೀಲು ಹಾಗೇ ಗಟ್ಟಿಯಾಗಿಬಿಡುತ್ತದೆ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಕೊಳ ಮೇಲೆ ಬರುವುದಿಲ್ಲ, ಅಕ್ಕ ಕೆಳಗೆ ಹೋಗುವುದಿಲ್ಲ. ಕಾಲು ನೋಡಲು ಮನೆಗೆ ಬರುವ ವ್ಯಾಯಾಮದ ಹುಡುಗಿ ಈ ಸಲ ಮಂಡಿ ಎತ್ತಿ ನೋಡಿ ಮೆಲ್ಲಗೆ ಕೆಳಗಿಟ್ಟಳು.

"ಹೇಳಮ್ಮಾ, ನಡೀತೀನಾ?" ಅಂದಳು ಅಕ್ಕ.

"ತೊಂಬತ್ತು ಪರ್ಸೆಂಟ್ ಜನಕ್ಕೆ ಸರಿಹೋಗುತ್ತೆ ಟೀಚರ್."

"ಹಾಗಾದ್ರೆ ನಂಗೆ ಹೋಗಲ್ಲ ಬಿಡು. ನಾವು ಯಾವಾಗ್ಲೂ ಆ ಉಳಿದ ಹತ್ತರಲ್ಲೇ."

ತಮಾಷೆಗೇ ಅಂದದ್ದು. ಹುಡುಗಿ ನಗಲಿಲ್ಲ, ನಾನೂ ನಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ನಮ್ಮ ಮೇಲಿನ ಮನೆಯ ಬೇಕರಿಯವನು ಈ ವಿಷಯ ತಿಳಿದು ಇಳಿದು ಬಂದ. "ಅಕ್ಕಾವ್ರೇ, ನಮ್ಮ ಏಳನೇ ಮಹಡಿ ಬಾಗಿಲು ಕೆಡಿಸಿಬಿಡ್ತೀನಿ. ಒಂದು ಸ್ಕ್ರೂಡ್ರೈವರ್ ಸಾಕು. ಎಂಬತ್ತಕ್ಕೆ ಇಳಿದ್ರೆ ಅವರು ಮತ್ತೆ ರಿಪೇರಿಗೆ ಬರಲೇಬೇಕಲ್ಲ?" ನನಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅಕ್ಕ ಒಪ್ಪಲಿಲ್ಲ. "ನಿಮ್ಮ ಮನೇಲಿ ತಳ್ಳುಗಾಡೀಲಿ ಓಡಾಡೋ ಕೂಸಿದೆಯಪ್ಪಾ. ನನ್ನ ಬಾಗಿಲು ತೆಗೆಯೋಕೆ ಅದರ ಬಾಗಿಲು ಹಾಕ್ಬೇಕಾ? ಬೇಡ." ನೋಡಿ, ಕಟ್ಟಡವನ್ನು ಇನ್ನಷ್ಟು ಕೆಡಿಸಿದರೆ ಮಾತ್ರ ಸರಿಯಾಗುತ್ತದೆ ಎನ್ನುವ ಸ್ಥಿತಿಗೆ ತಾವು ನಮ್ಮನ್ನು ತಂದಿದ್ದೀರಿ. ಅಕ್ಕನ ಒಳ್ಳೆಯತನವೂ ಈಗ ತಮ್ಮ ಕಡೆಯ ಕಾವಲುಗಾರ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನೂರಕ್ಕೆ ಇಷ್ಟು ಎನ್ನಲು ಮೊದಲು ನೂರು ಬೇಕು. ನನಗೆ ನೂರು ಜನ ಅಕ್ಕಂದಿರಿಲ್ಲ. ಬೀಗ ತರಿಸಿ, ಬಾಗಿಲು ತೆರೆಸಿ. ತಮ್ಮ ಉತ್ತರದಲ್ಲಿ ಆ ಓರೆ ಗೀಟು ಕಾಣಿಸಕೂಡದು. ಸೋಮವಾರವೋ ಗುರುವಾರವೋ, ವಾರದ ಒಂದು ದಿನದ ಹೆಸರು ಬರೆದರೆ ಸಾಕು.

ಬೇಗ ಬರೆಯಿರಿ. ಕೊಳಕ್ಕೆ ಇಳಿಯುವಾಗ ಹಾಕಿಕೊಳ್ಳಲೆಂದು ನಾನು ಅಕ್ಕನಿಗೆ ನೀಲಿ ಬಣ್ಣದ ಈಜುಡುಗೆ ಹೊಲಿದುಕೊಟ್ಟಿದ್ದೆ. ನಿನ್ನೆ ಅದನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟು, "ಬಟ್ಟೆ ಚೆನ್ನಾಗಿದೆ ಕಣೇ, ಬಿಚ್ಚಿ ಯಾರಿಗಾದ್ರೂ ಏನಾದ್ರೂ ಹೊಲಿದುಕೊಡು," ಎಂದಳು. ಕತ್ತರಿ ಎಲ್ಲೋ ಇಟ್ಟಿದೀನಿ, ಸಿಗ್ತಿಲ್ಲ ಎಂದೆ. ಹೊಲಿಗೆಯವಳ ಮನೆಯಲ್ಲಿ ಕತ್ತರಿ ಎಷ್ಟು ದಿನ ಸಿಗದೆ ಇರುತ್ತದೆ, ಮಾನ್ಯರೇ?

ಇಂತಿ,
ಮೆಟ್ಟಿಲು ಇಳಿಯಬಲ್ಲ ತಂಗಿ