ಪಂಚಾಕ್ಷರಪ್ಪನವರ ಮೆಷಿನ್ನು

30-1-78, ಸೋಮವಾರ

ಇಪ್ಪತ್ತೆಂಟು ಪುಟ ಟೈಪು ಮಾಡಿದೆ ಇವತ್ತು. ಬೆರಳು ನೋಯ್ತಿಲ್ಲ, ಜಂಬ ಬಂದಿದೆ ಅಷ್ಟೆ. ನಮ್ಮ ಸಾಹೇಬರು, ತಿಪ್ಪೇರುದ್ರಪ್ಪ ವಕೀಲರು, ಕೋರ್ಟಿನಿಂದ ಬರೋ ಹೊತ್ತಿಗೆ ಎಲ್ಲಾ ಪಿನ್ ಮಾಡಿ ಟೇಬಲ್ ಮೇಲೆ ಇಟ್ಟಿದ್ದೆ. ಅವರ ಬಾಯಲ್ಲಿ ‘ಪರವಾಗಿಲ್ಲವಲ್ಲ ದಾಕ್ಷಾಯಣಮ್ಮ’ ಅಂತ ಬಂತು. ಅದೇ ದೊಡ್ಡದು.

ಎಲ್ಲಾ ಟ್ಯಾಬ್ ಮಹಿಮೆ. ಮೆಷಿನ್ನಿನ ಬೆನ್ನಿಗೆ ಹಲ್ಲಿನ ಪಟ್ಟಿ, ಅದರ ಮೇಲೆ ಸಣ್ಣ ಸಣ್ಣ ತಗಡಿನ ಸ್ಟಾಪು. ಬೇಕಾದ ಕಡೆ ಸಿಗಿಸಿದರೆ ಆಯ್ತು. ಟ್ಯಾಬ್ ಕೀ ಒಂದು ಸಲ ಒತ್ತು, ಕಾಗದ ಹಿಡಿದ ಕ್ಯಾರೇಜು ನೇರ ಅಲ್ಲಿಗೇ ಹೋಗಿ ನಿಲ್ಲುತ್ತೆ. ಸ್ಪೇಸ್ ಬಾರ್ ಹದಿನೈದು ಸಲ ಕುಟ್ಟೋದು ತಪ್ಪಿತು. ನಾನು ಕೆಲಸಕ್ಕೆ ತಕ್ಕ ಹಾಗೆ ದಿನಕ್ಕೆ ನಾಲ್ಕು ಸಲ ಜಾಗ ಬದಲಾಯಿಸ್ತೀನಿ.

ಪಂಚಾಕ್ಷರಪ್ಪನವರದು ಬೇರೆ ದಾರಿ. ಹದಿನೆಂಟು ವರ್ಷದಿಂದ ಇದೇ ಆಫೀಸಲ್ಲಿ ಟೈಪಿಸ್ಟು, ಎರಡೇ ಬೆರಳು. ಕಣ್ಣು ಕೀ ಮೇಲೆ, ಇಲ್ಲಾ ಕರಡಿನ ಮೇಲೆ. ಕಾಗದದ ಕಡೆ ನೋಡೋದೇ ಇಲ್ಲ. ಅವರ ಮೆಷಿನ್ನಲ್ಲಿ ಮೂರೇ ಸ್ಟಾಪು — ಸರ್ವೆ ನಂಬರು, ಎಕರೆ, ಗುಂಟೆ. ದಾವೆ ಕೊನೆಗೆ ಹಾಕೋ ಜಮೀನಿನ ಪಟ್ಟಿ, ಶೆಡ್ಯೂಲು, ಅದಕ್ಕೆ ಅಂತ ಅವರೇ ಸಿಗಿಸಿದ್ದು. ಅವತ್ತಿನಿಂದ ಒಂದು ಹಲ್ಲಿನಷ್ಟೂ ಸರಿದಿಲ್ಲವಂತೆ. ಹೆಂಡತಿ ಹೊಲಿದುಕೊಟ್ಟ ಗವುಸು ಹಾಕಿ ಮುಚ್ಚಿಡ್ತಾರೆ. ಸಾಹೇಬರೂ ಮುಟ್ಟಲ್ಲ.

ಆದರೂ ಒಂದು ಮಾತು. ಕೋರ್ಟಿನ ಭಾಷೆ ಕಲಿಸಿದ್ದು ಅವರೇ. ಬಂದ ಹೊಸದರಲ್ಲಿ ನನ್ನ ತಪ್ಪನ್ನ ಸಾಹೇಬರ ತನಕ ಹೋಗೋಕೆ ಬಿಡ್ತಿರಲಿಲ್ಲ. ತಮ್ಮೂರು ಭರಮಸಾಗರದಿಂದ ಬರ್ತಾ ಪೊಟ್ಟಣದಲ್ಲಿ ಮಂಡಕ್ಕಿ ತರ್ತಾರೆ, ಅರ್ಧ ನನಗೆ.

4-2-78, ಶನಿವಾರ

ನನ್ನ ಮೆಷಿನ್ನಿನ ಕ್ಯಾರೇಜ್ ಎಳೆಯೋ ಪಟ್ಟಿ ಪಟ್ಟಂತ ಹರೀತು, ಅದೂ ಹನ್ನೊಂದು ಗಂಟೆಗೆ. ರಿಪೇರಿಯವನು ಸೋಮವಾರ ಅಂದ. ಹೊಸದುರ್ಗದ ಕೇಸಿನ ಸಾಕ್ಷಿಗಳ ಪಟ್ಟಿ ಸಂಜೆಯೊಳಗೆ ಬೇಕೇ ಬೇಕು. ಪಂಚಾಕ್ಷರಪ್ಪನವರು ರಜಾ, ಅಣ್ಣನ ಮಗನಿಗೆ ಹೆಣ್ಣು ನೋಡೋಕೆ ಸಿರಿಗೆರೆಗೆ ಹೋಗಿದ್ದಾರೆ.

ಗವುಸು ತೆಗೆದೆ. ಯಾರನ್ನೂ ಕೇಳಲಿಲ್ಲ. ಹೆಸರು, ತಂದೆ, ವಯಸ್ಸು, ಊರು, ಬರಬೇಕಾದ ದಿನ — ಐದು ಕಾಲಂ. ಅವರ ಮೂರು ಸ್ಟಾಪು ಸರಿಸಿ, ನನ್ನ ಮೆಷಿನ್ನಿಂದ ಎರಡು ಕಿತ್ತು ಸೇರಿಸಿದೆ. ನಾಲ್ಕು ಪುಟ, ಐವತ್ತು ನಿಮಿಷ. ಅವರಾಗಿದ್ದರೆ ಇಡೀ ದಿನ.

ಅಕ್ಕನ ಊರು ಹೊಳಲ್ಕೆರೆಗೆ ಐದರ ಬಸ್ಸು. ಓಡಿದೆ.

5-2-78, ಹೊಳಲ್ಕೆರೆ

ಸ್ಟಾಪು ವಾಪಸ್ ಇಡಲಿಲ್ಲ. ನಿನ್ನೆ ಬಸ್ಸಿನಲ್ಲೇ ನೆನಪಾಯ್ತು. ಹೋಗಲಿ, ಸೋಮವಾರ ಅವರಿಗಿಂತ ಮೊದಲೇ ಹೋಗಿ ಸರಿಮಾಡಿದರಾಯ್ತು. ಜಾಗ ಗೊತ್ತು — ಹಲ್ಲಿಗೆ ಎಣ್ಣೆ ಮೆತ್ತಿದ ಗುರುತು ಇದೆ.

6-2-78, ಸೋಮವಾರ, ಸಂಜೆ 7

ನಡೆದದ್ದು ನಡೆದ ಹಾಗೆ ಬರೀತೀನಿ.

ಬಸ್ಸು ತಡ. ಹತ್ತೂಕಾಲಿಗೆ ಆಫೀಸು ಮುಟ್ಟಿದೆ. ಬಾಗಿಲಲ್ಲೇ ಸಾಹೇಬರು ಫೈಲು ಕೈಗೆ ಕೊಟ್ಟು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನಕಲು ತಗಂಡು ಬಾ ಅಂದರು. ಒಳಗೆ ಪಂಚಾಕ್ಷರಪ್ಪನವರು ಗವುಸು ಎತ್ತುತ್ತಾ ಇದ್ದರು. ಅಷ್ಟು ದೂರದಿಂದ ಒಂದು ಮಾತು ಹೇಳಬಹುದಿತ್ತು. ಸಾಹೇಬರ ಎದುರಿಗೆ, ಅವರ ಮೆಷಿನ್ ಮುಟ್ಟಿದೆ ಅಂತ ಹೆಂಗೆ ಹೇಳೋದು? ಬಂದ ಮೇಲೆ ಹೇಳಿದರಾಯ್ತು ಅಂತ ಹೋದೆ.

ಬಂದಾಗ ನಾಲ್ಕೂವರೆ. ಅಷ್ಟರಲ್ಲಿ ಎಲ್ಲಾ ಆಗಿಹೋಗಿತ್ತು.

ನಮ್ಮ ಪಾರ್ಟಿ ತುರುವನೂರಿನ ಗೋವಿಂದಪ್ಪನ ದಾವೆ, ಹಾಕೋಕೆ ಇವತ್ತೇ ಕಡೇ ದಿನ. ಮೂವತ್ತೊಂದು ಸಾಲಿನ ಶೆಡ್ಯೂಲು. ಪಂಚಾಕ್ಷರಪ್ಪನವರು ಮಾಮೂಲಿನಂತೆ ಕೀ ನೋಡಿಕೊಂಡು ಹೊಡೆದಿದ್ದಾರೆ, ಟ್ಯಾಬ್ ಒತ್ತಿದ್ದಾರೆ. ಎಕರೆ ಹೋಗಿ ಸರ್ವೆ ನಂಬರಿಗೆ ಅಂಟಿದೆ, ಗುಂಟೆ ಹೋಗಿ ಎಕರೆ ಕೆಳಗೆ ಕೂತಿದೆ. ಅವಸರದಲ್ಲಿ ಸಾಹೇಬರು ಸಹಿ ಮಾಡಿ ಒಯ್ದಿದ್ದಾರೆ. ಅಲ್ಲಿದ್ದ ಇನ್ನೊಬ್ಬ ವಕೀಲರು ಜನರ ಮುಂದೆ ಜೋರಾಗಿ ಓದಿ ನಕ್ಕರಂತೆ. ಕಾಗದ ವಾಪಸ್. ಪಂಚಾಕ್ಷರಪ್ಪನವರು ಇನ್ನೊಂದು ಸಲ ಹೊಡೆದರು. ಮತ್ತೆ ಅದೇ. ಕೊನೆಗೆ ಕೋರ್ಟಿನ ಹೊರಗೆ ಕೂರೋ ಟೈಪಿಸ್ಟ್ ಹತ್ರ ಮಾಡಿಸಿ ಹೆಂಗೋ ಹಾಕಿದ್ದಾರೆ.

ಸಾಹೇಬರು ಕೂಗಾಡಲಿಲ್ಲ. “ಕಣ್ಣು ತೋರಿಸ್ಕಳ್ರಿ ಪಂಚಾಕ್ಷರಪ್ಪ. ಎರಡು ಸಲ ಅದೇ ತಪ್ಪು ಅಂದ್ರೆ ಹೆಂಗ್ರಿ?” ಅಂದರು, ಅಷ್ಟೆ.

ಪಂಚಾಕ್ಷರಪ್ಪನವರು ಆ ಹಾಳೆ ಹಿಡಕೊಂಡು ಕೂತಿದ್ದರು. ನನ್ನನ್ನ ನೋಡಿ, “ಹೊಡೆಯಾಗ ಸರಿಯಾಗೇ ಐತೆ ಅನ್ಸಿತ್ತು ಕಣವ್ವಾ. ಸಾಲೇ ಕಾಣವಲ್ದು ನನಗೆ” ಅಂದರು.

ಈಗ ಹೇಳು ದಾಕ್ಷಾಯಣಿ. ಬಾಯಿ ಬಿಡು. ಬಿಡಲಿಲ್ಲ. ಅವರು ಮುಖ ತೊಳಿಯೋಕೆ ಹಿತ್ತಲಿಗೆ ಹೋದರು. ನಾನು ಗವುಸು ಮುಚ್ಚೋ ನೆಪದಲ್ಲಿ ಬಗ್ಗಿ ಐದೂ ಸ್ಟಾಪು ಕಿತ್ತೆ. ಮೂರನ್ನ ಎಣ್ಣೆ ಗುರುತಿನ ಮೇಲೆ ಇಟ್ಟೆ. ಎರಡು ನನ್ನ ಪರ್ಸಿಗೆ.

ಇದಕ್ಕೆ ಒಂದು ನಿಮಿಷವೂ ಹಿಡೀಲಿಲ್ಲ. ಅಷ್ಟು ಸ್ಪೀಡು ನಾನು.

7-2-78

ಬೆಳಿಗ್ಗೆ ನಾನು ಹೋಗೋ ಮೊದಲೇ ಅವರು ಬಂದಿದ್ದರು. ಮೆಷಿನ್ ತಿರುಗಿಸಿ ಬೆನ್ನು ನೋಡ್ತಾ ಇದ್ದರು. ಸ್ಟಾಪುಗಳನ್ನ ಒಂದೊಂದೇ ಬೆರಳಲ್ಲಿ ಮುಟ್ಟಿ ಎಣಿಸಿದರು.

“ಮೆಷಿನ್ ಸರಿ ಐತೆ. ನಿನ್ನೆ ರಾತ್ರಿಯೆಲ್ಲಾ ಅನ್ಕಂಡೆ, ಸ್ಟಾಪೇನಾರ ಜಾರಿರಬೇಕು ಅಂತ. ಇಲ್ಲ, ಇದ್ದಲ್ಲೇ ಅವೆ. ನನ್ನ ಕಣ್ಣೇ ಹೋಯ್ತು.”

ಅವರ ಅಪ್ಪನಿಗೆ ಐವತ್ತೆರಡಕ್ಕೆ ಪೂರ್ತಿ ಕಣ್ಣು ಹೋಗಿತ್ತಂತೆ. ಇವರಿಗೆ ಈಗ ಐವತ್ತೊಂದು. ಇದನ್ನ ಮಂಡಕ್ಕಿ ತಿಂತಾ ತಿಂತಾ ಹೇಳಿದರು. ನನ್ನ ಪಾಲು ಮುಂದೆ ತಳ್ಳಿದರು. ತಿಂದೆ. ಏನು ಜನ್ಮ ನಂದು.

ನಿನ್ನೆ ಸುಮ್ಮನಿದ್ದದ್ದು ಹೇಡಿತನ. ಆ ಸ್ಟಾಪು ವಾಪಸ್ ಇಟ್ಟೆನಲ್ಲ, ಅದು ಬೇರೆಯದೇ. ಮುಟ್ಟದೇ ಬಿಟ್ಟಿದ್ದರೆ ಇವತ್ತು ಅವರೇ ಕಂಡುಹಿಡಿದು ನನ್ನನ್ನ ಬಾಯಿಗೆ ಬಂದ ಹಾಗೆ ಬೈತಿದ್ದರು. ಅಲ್ಲಿಗೆ ಮುಗೀತಿತ್ತು.

10-2-78, ಶುಕ್ರವಾರ

ಅವರೇ ಕೆಲಸ ಬಿಟ್ಟರು. ಸಾಹೇಬರು “ಒಂದೆರಡು ತಿಂಗಳು ನೋಡ್ರಿ” ಅಂದರು, ಬಾಯಿ ಮಾತಿಗೆ. “ಬ್ಯಾಡ ಸ್ವಾಮಿ, ಇನ್ನೊಬ್ಬರ ಜಮೀನು ನನ್ನ ಕೈಯಾಗೆ ಹಾಳಾಗಬಾರದು” ಅಂದರಂತೆ.

ಹೋಗೋವಾಗ ಅವರ ನೋಟ್‌ಬುಕ್ಕು ಕೊಟ್ಟರು — ಯಾವ ಅರ್ಜಿಗೆ ಎಷ್ಟು ಮಾರ್ಜಿನ್ನು, ಶುರು ಹೆಂಗೆ, ಕೊನೆ ಹೆಂಗೆ, ಹದಿನೆಂಟು ವರ್ಷದ್ದು. “ನಿನ್ನ ಕಣ್ಣು ಜ್ವಾಪಾನ. ಬೆಳಕಿನ ಕಡೆ ಕುಂತ್ಕಂಡು ಹೊಡಿ” ಅಂದರು. ಕಿಟಕಿ ಪಕ್ಕದ ಅವರ ಟೇಬಲ್ಲು ಇನ್ನು ನನ್ನದು.

ಬಸ್ ಸ್ಟ್ಯಾಂಡ್ ತನಕ ಜೊತೆಗೆ ಹೋದೆ. ದಾರಿಯುದ್ದಕ್ಕೂ ಈಗ ಹೇಳ್ತೀನಿ, ಈಗ ಹೇಳ್ತೀನಿ. ಬಸ್ಸು ಬಂತು.

20-2-78

ಬೀದಿ ತುಂಬಾ ಎಲೆಕ್ಷನ್ ಜೀಪು, ಮೈಕು. ತಲೆ ಚಿಟ್ಟು ಹಿಡಿದಿದೆ. ಗೋವಿಂದಪ್ಪ ಬಂದಿದ್ದ, ಭರಮಸಾಗರದಲ್ಲಿ ಪಂಚಾಕ್ಷರಪ್ಪನವರು ಸಿಕ್ಕಿದ್ದರಂತೆ. ದಾವಣಗೆರೆ ಡಾಕ್ಟರು ನೋಡಿ, ಏನೂ ಇಲ್ಲ, ಓದೋಕೆ ಒಂದು ಕನ್ನಡಕ ಸಾಕು ಅಂದರಂತೆ.

ಎದೆ ಹಗುರಾಯ್ತು — ಗೋವಿಂದಪ್ಪ ಮುಂದಿನ ಮಾತು ಹೇಳೋ ತನಕ. “ಅವ್ರು ನಂಬವಲ್ರು ಕಣಮ್ಮ. ಡಾಕ್ಟ್ರು ನಮ್ಮಪ್ಪಗೂ ಹಿಂಗೇ ಸುಳ್ಳು ಹೇಳಿದ್ರು ಅಂತಾರೆ.”

ಅವರಿಗೆ ಕಾಗದ ಬರೆಯೋಣ ಅಂತ ಕೂತೆ. ಮೂರು ಹಾಳೆ ಹರಿದೆ. ದಿನಕ್ಕೆ ಮೂವತ್ತು ಪುಟ ಹೊಡೆಯೋಳಿಗೆ ನಾಲ್ಕು ಸಾಲು ಬರಲಿಲ್ಲ.

11-3-78

ಸಂಬಳ ಏರಿಸಿದರು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅವಳಿಗೆ ಹೇಳೋಣ ಅನ್ನಿಸಿತು. ಹೇಳಿದರೆ “ನಾಳೆ ಬೆಳಿಗ್ಗೆನೇ ಹೋಗಿ ಕಾಲಿಗೆ ಬೀಳು” ಅಂತಾಳೆ. ಅದಕ್ಕೇ ಹೇಳಲಿಲ್ಲ.

7-5-78, ಭಾನುವಾರ, ಸಂಜೆ

ಇವತ್ತು ಗಟ್ಟಿ ಮನಸ್ಸು ಮಾಡಿ ಭರಮಸಾಗರಕ್ಕೆ ಹೋದೆ. ಎರಡು ಸ್ಟಾಪು ಪರ್ಸಿನಲ್ಲಿ, ತೋರಿಸೋಕೆ ಅಂತ.

ಬಾಗಿಲು ತೆರೆದೇ ಇತ್ತು. ಪಂಚಾಕ್ಷರಪ್ಪನವರು ಒಳಗಿನ ಪಡಸಾಲೆಯಲ್ಲಿ ಗೋಡೆ ಸವರಿಕೊಂಡು ನಡೀತಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಬಾಯಲ್ಲಿ ಲೆಕ್ಕ — ಹನ್ನೊಂದು, ಹನ್ನೆರಡು, ಹೊಸ್ತಿಲು. ನಾನು ಬಾಗಿಲಲ್ಲೇ ನಿಂತೆ.

ಹೆಂಡತಿ ಕಮಲಮ್ಮ ಹೊರಗೆ ಬಂದು ಪಿಸುಮಾತಲ್ಲಿ ಹೇಳಿದರು. “ದಿನಾ ಒಂದು ತಾಸು ಹಿಂಗೇ ರೂಢಿ ಮಾಡ್ಕಂತಾರೆ ತಂಗಿ. ಪೂರ್ತಿ ಹೋದ ಮ್ಯಾಲೆ ನಿನಗೆ ಭಾರ ಆಗಬಾರ್ದು ಅಂತಾರೆ. ಈಗ ಬಚ್ಚಲ ತನಕ ಒಬ್ರೇ ಹೋಗ್ತಾರೆ.” ಹಿತ್ತಲ ಬಾಗಿಲಿಂದ ಬಚ್ಚಲಿಗೆ ಹಗ್ಗ ಕಟ್ಟಿದ್ದರು. ಪೇಪರೂ ಓದಲ್ಲವಂತೆ, ಇರೋ ಕಣ್ಣು ಉಳಿಸಬೇಕು ಅಂತ. ಈಯಮ್ಮನೇ ಅಕ್ಷರ ಕೂಡಿಸಿ ಓದಿ ಹೇಳ್ತಾರೆ.

“ಬಂದವರು ಯಾರು?” ಅಂದರು ಒಳಗಿಂದ. ಕಣ್ಣು ತೆರೆಯಲೇ ಇಲ್ಲ. “ಸುಮ್ಮನಿರು, ಹೆಜ್ಜೆ ಸದ್ದಲ್ಲೇ ಹೇಳ್ತೀನಿ... ನಮ್ಮ ದಾಕ್ಷಾಯಣಿ.” ಗೆದ್ದವರ ಹಾಗೆ ನಕ್ಕರು.

ಕಾಫಿ ಕುಡಿದೆ. ಆಫೀಸಿನ ಸುದ್ದಿ ಹೇಳಿದೆ. ಮೆಷಿನ್ನಿಗೆ ಎಣ್ಣೆ ಹಾಕ್ತೀಯಾ ಅಂತ ಕೇಳಿದರು. ಹಾಕ್ತೀನಿ ಅಂದೆ. ನಾಲ್ಕರ ಬಸ್ಸಿಗೆ ವಾಪಸ್ ಬಂದೆ.

ಹೇಳಲಿಲ್ಲ.

16-7-78, ಭಾನುವಾರ

ಎರಡು ತಿಂಗಳು ಈ ಪುಸ್ತಕ ಮುಟ್ಟಿರಲಿಲ್ಲ. ಏನಂತ ಬರೀಲಿ.

ಇವತ್ತು ಹೇಳಿಬಿಟ್ಟೆ. ಧೈರ್ಯ ಬಂತು ಅಂತಲ್ಲ. ಮೊನ್ನೆ ಗೋವಿಂದಪ್ಪ ಹೇಳಿದ, ಪಂಚಾಕ್ಷರಪ್ಪನವರು ಬೀದಿಗೂ ಕೋಲು ಹಿಡಿದೇ ಬರ್ತಾರೆ, ಕಣ್ಣು ಮುಚ್ಚಿಕೊಂಡೇ, ಕೆರೆ ಏರಿ ಮೇಲೆ ಕಲ್ಲು ಎಡವಿ ಬಿದ್ದು ಮೊಣಕಾಲು ಒಡಕೊಂಡರು ಅಂತ. ಕಣ್ಣು ಕಾಣೋ ಮನುಷ್ಯ.

ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಕಮಲಮ್ಮನೂ ಇದ್ದರು. ಇಬ್ಬರ ಮುಂದೆಯೇ ಸ್ಟಾಪುಗಳನ್ನ ಚಾಪೆ ಮೇಲೆ ಇಟ್ಟೆ. ಶನಿವಾರ ಗವುಸು ತೆಗೆದದ್ದು, ಬಸ್ಸಿನಲ್ಲಿ ನೆನಪಾದದ್ದು, ಸೋಮವಾರ ಬಾಗಿಲಲ್ಲಿ ನುಂಗಿಕೊಂಡದ್ದು, ಸಂಜೆ ಕದ್ದು ಸರಿಮಾಡಿದ್ದು. ಒಂದನ್ನೂ ಬಿಡಲಿಲ್ಲ. “ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಸಾಹೇಬರಿಗೂ ನಾಳೆ ನಾನೇ ಹೇಳ್ತೀನಿ. ನೀವು ಬರ್ರಿ, ನಾನು ಬಿಡ್ತೀನಿ” ಅಂದೆ.

ಬೈತಾರೆ ಅಂತ ಕಾದೆ. ಬೈಲಿಲ್ಲ. “ಪೇಪರ್ ತಾ” ಅಂದರು ಕಮಲಮ್ಮನಿಗೆ. ಕನ್ನಡಕ ಹಾಕಿಕೊಂಡರು. ಟೆಂಡರ್ ನೋಟೀಸು, ಅತೀ ಸಣ್ಣ ಅಕ್ಷರದ್ದು, ಅದನ್ನ ಮೇಲಿಂದ ಕೆಳಗಿನ ತನಕ ಓದಿದರು. ಎಲ್ಲೂ ತಡವರಿಸಲಿಲ್ಲ. ಓದಿ ಮುಗಿಸಿ ಮಡಿಚಿಟ್ಟರು. ಕಮಲಮ್ಮ ಎದ್ದು ಹಿತ್ತಲಿಗೆ ಹೋಗಿ ಹಗ್ಗದ ಗಂಟು ಬಿಚ್ಚೋಕೆ ನಿಂತರು. ನನ್ನ ಕಡೆ ತಿರುಗಲಿಲ್ಲ.

ಪಂಚಾಕ್ಷರಪ್ಪನವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ಮೆಷಿನ್ ಮುಟ್ಟಿದ್ದು ಹೋಗ್ಲಿ. ಹೆದರಿಕೆಗೆ ಸುಮ್ಮನಿದ್ದೆ, ಅದೂ ಹೋಗ್ಲಿ, ಸಣ್ಣೋಳು. ಆವತ್ತು ಬಂದಿದ್ದೆಯಲ್ಲವ್ವಾ, ನಾನು ಗ್ವಾಡೆ ಹಿಡ್ಕಂಡು ನಡೆಯಾದು ಕಂಡೆ. ಕುಂತು ಕಾಫಿ ಕುಡಿದೆ. ಆವತ್ತು ಯಾಕೆ ಹೇಳ್ಲಿಲ್ಲ?”

ಸಿಟ್ಟಿರಲಿಲ್ಲ ದನಿಯಲ್ಲಿ. ನಿಜವಾಗಲೂ ತಿಳಿಯಬೇಕಿತ್ತು ಅವರಿಗೆ. ನನ್ನ ಮುಖ ನೋಡ್ತಾ ಕಾದರು. ನಾನು ಚಾಪೆ ಮೇಲಿನ ಎರಡು ಸ್ಟಾಪನ್ನ ಒಂದರ ಪಕ್ಕ ಒಂದು ಜೋಡಿಸಿದೆ. ಕೊನೆಗೆ, “ಹೋಗಿ ಬಾ, ಬಸ್ ಹೊತ್ತಾಯ್ತು” ಅಂದರು.

17-7-78, ಬೆಳಿಗ್ಗೆ 6

ಸಾಹೇಬರ ಹತ್ರ ಹೋಗೋ ಮೊದಲು ಅವರು ಕೇಳಿದ್ದಕ್ಕೆ, ಆವತ್ತು ಯಾಕೆ ಹೇಳಲಿಲ್ಲ ಅನ್ನೋದಕ್ಕೆ, ಉತ್ತರ ಬರೀಬೇಕು. ಇಲ್ಲಿ ಯಾರೂ ಓದಲ್ಲ, ಸುಳ್ಳು ಬೇಕಾಗಿಲ್ಲ.

ಕಮಲಮ್ಮ ಇದ್ದರು ಅಂತ ಅಲ್ಲ. ಸಾಹೇಬರ ಭಯ ಅಂತಲೂ ಅಲ್ಲ. ಆವತ್ತು ಅವರು ಹನ್ನೊಂದು, ಹನ್ನೆರಡು ಅಂತ ಎಣಿಸ್ತಾ ಇರುವಾಗ, ನಾನು ಬಾಗಿಲಲ್ಲಿ ನಿಂತು, ಒಂದು ಕ್ಷಣ, ಒಂದೇ ಕ್ಷಣ — ಇನ್ನು ಇವರು ವಾಪಸ್ ಬರೋದಿಲ್ಲ, ಆ ಕಿಟಕಿ ಪಕ್ಕದ ಟೇಬಲ್ಲು ನನಗೇ ಉಳೀತು ಅಂತ ಸಮಾಧಾನಪಟ್ಟೆ.