ಎರಡು ಬೀಗದ ಬೀರು

ಸೋಮವಾರ, ಮಧ್ಯಾಹ್ನ

ಯಜಮಾನರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ. ನೀವಂತೂ ಚೆನ್ನಾಗಿಯೇ ಇರಬೇಕು. ಔಷಧ ಕಂಪನಿಯ ಗೋದಾಮಿಗೆ ಮ್ಯಾನೇಜರ್ ಆದಿರಂತೆ. ಹೆಂಡತಿಯನ್ನು ಕಳ್ಳಿ ಎಂದರೆ ಇಷ್ಟು ಬೇಗ ಬಡ್ತಿ ಸಿಗುತ್ತದೆಂದು ಗೊತ್ತಿದ್ದರೆ, ಪಾಪ, ಮದುವೆಯಾದ ವರ್ಷವೇ ಅನ್ನುತ್ತಿದ್ದಿರೇನೋ!

ನಾಳೆ ಕೋರ್ಟಿನಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳುತ್ತೀರಿ. ನಿಮಗೆ ಮರೆವು ಜಾಸ್ತಿ, ಅದಕ್ಕೇ ನಡೆದದ್ದನ್ನು ಬರೆಯುತ್ತಿದ್ದೇನೆ. ಮಕ್ಕಳ ಕೆಮ್ಮಿಗೆಂದು ಕಂಪನಿ ಮಾಡಿದ ಸಿರಪ್ಪು, ಪ್ರಯೋಗಾಲಯದಲ್ಲಿ ನಾನು ಮಾಡಿದ ಪರೀಕ್ಷೆಯಲ್ಲಿ ಫೇಲಾಯಿತು. ಮಾಲೀಕರು ವರದಿ ತಿದ್ದಿಸಿ ಅಂಗಡಿಗಳಿಗೆ ಕಳಿಸಿದರು. ಮಕ್ಕಳು ಆಸ್ಪತ್ರೆ ಸೇರತೊಡಗಿದ ಮೇಲೆ ನಾನು ಮಾದರಿ ಬಾಟಲಿಗಳನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕೊಟ್ಟೆ. ಸಿರಪ್ಪಿನ ಮಾರಾಟ ನಿಂತಿತು. ನನ್ನ ಕೆಲಸ ಹೋಯಿತು, ಮೇಲೆ ಬಾಟಲಿ ಕದ್ದೆನೆಂದು ಕೇಸು. ಸೋತರೆ ಜೈಲು.

ಆ ಮಾದರಿಗಳ ಬೀರುವಿಗೆ ಎರಡು ಬೀಗ. ಒಂದರ ಕೀಲಿ ಪ್ರಯೋಗಾಲಯದ ನನ್ನ ಹತ್ತಿರ, ಇನ್ನೊಂದು ಗೋದಾಮಿನ ನಿಮ್ಮ ಹತ್ತಿರ. ಇಬ್ಬರೂ ಸೇರದೆ ಅದು ತೆರೆಯುವುದಿಲ್ಲ. ಅಂದು ಇಬ್ಬರೂ ಸೇರಿಯೇ ತೆರೆದೆವು. ಬಾಟಲಿಗಳನ್ನು ನಿಮ್ಮ ಊಟದ ಚೀಲದಲ್ಲಿ ಹೊರಗೆ ತಂದವರೂ ನೀವೇ. ಎಂಥ ಗಂಡನನ್ನು ಕಟ್ಟಿಕೊಂಡೆ ಎಂದು ಅಂದು ನಾನು ಉಬ್ಬಿಹೋಗಿದ್ದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ಪೊಲೀಸರು ಎಷ್ಟು ಬೆದರಿಸಿದರೂ ನಿಮ್ಮ ಹೆಸರು ಎತ್ತಲಿಲ್ಲ ನಾನು.

ನೀವೋ, ಅವಳೊಬ್ಬಳೇ ಕದ್ದಳು ಎಂದು ಹೇಳಿಕೆ ಕೊಟ್ಟಿರಿ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಗೋದಾಮಿನ ತಪಾಸಣೆಗೆ ಬಂದವರಿಗೆಲ್ಲ ಗಿಣಿಪಾಠ ಒಪ್ಪಿಸುತ್ತಿದ್ದಿರಲ್ಲ, ನನ್ನ ಕೀಲಿ ಸೊಂಟ ಬಿಟ್ಟು ಕದಲುವುದಿಲ್ಲ ಸಾರ್ ಎಂದು, ಅದನ್ನೂ ಅಭ್ಯಾಸಬಲದಿಂದ ಹೇಳಿಕೆಯಲ್ಲಿ ಸೇರಿಸಿಬಿಟ್ಟಿರಿ.

ನನ್ನ ವಕೀಲಮ್ಮ ಅದನ್ನು ಓದಿ ಕನ್ನಡಕ ತೆಗೆದು ನಕ್ಕರು. ಗಂಡನ ಹೆಸರು ನಾನು ಹೇಳಲಾರೆ ಎಂದೆ. ನೀನು ಬಾಯಿ ಮುಚ್ಚಿಕೊಂಡಿರಮ್ಮ, ಅವರೇ ಹೇಳುತ್ತಾರೆ ಎಂದರು. ನಾಳೆ ವಕೀಲಮ್ಮ ಮೊದಲು, ಕೀಲಿ ಯಾರಿಗಾದರೂ ಕೊಟ್ಟಿದ್ದಿರಾ ಎಂದು ಕೇಳುತ್ತಾರೆ. ನೀವು ಎದೆಯುಬ್ಬಿಸಿ ಇಲ್ಲ ಎನ್ನುತ್ತೀರಿ. ಹಾಗಾದರೆ ಎರಡನೆಯ ಬೀಗ ತೆಗೆದವರು ಯಾರು ಎಂದು ಕೇಳಿ ಕೂತುಬಿಡುತ್ತಾರೆ. ಯಾರೂ ತೆಗೆದಿಲ್ಲ ಎಂದರೆ ಕಳ್ಳತನವೇ ಇಲ್ಲ. ನಾನೇ ಎಂದರೆ ನೀವೂ ಆರೋಪಿ, ಜೊತೆಗೆ ಸುಳ್ಳು ಹೇಳಿಕೆ ಕೊಟ್ಟವರು. ಅತ್ತ ದರಿ, ಇತ್ತ ಪುಲಿ. ಮಾಲೀಕರು ನಿಮ್ಮನ್ನು ಹಾಲಿಗೆ ಬಿದ್ದ ನೊಣದ ಹಾಗೆ ಎತ್ತಿ ಎಸೆಯುತ್ತಾರೆ.

ತಪ್ಪಿಸಿಕೊಳ್ಳಲು ಒಂದೇ ದಾರಿ. ವಕೀಲಮ್ಮ ಕೇಳುವ ಮೊದಲೇ, ಇಬ್ಬರೂ ಸೇರಿ ತೆರೆದೆವು, ಸಿರಪ್ಪು ಕೆಟ್ಟಿತ್ತು, ಹೆದರಿ ಸುಳ್ಳು ಹೇಳಿದೆ ಎಂದುಬಿಡುವುದು. ಆಗ ನಿಮ್ಮ ಪರವಾಗಿಯೂ ನಿಲ್ಲುವಂಥ ಒಳ್ಳೆಯ ವಕೀಲರನ್ನು ತಾನೇ ಗೊತ್ತುಮಾಡುತ್ತೇನೆ ಎಂದಿದ್ದಾರೆ ವಕೀಲಮ್ಮ. ಬಡ್ತಿ ಹೋಗುತ್ತದೆ, ಮಾನ ಉಳಿಯುತ್ತದೆ. ಅತ್ತೆ ನಿನ್ನೆ ಫೋನಿನಲ್ಲಿ ಅತ್ತರು, ಅವನಿಗೆ ಒಂದು ಮಾತು ತಿಳಿಸಿ ಹೇಳೇ ತಾಯಿ ಎಂದು. ಆಗಲಿ ಎಂದಿದ್ದೆ. ಅದಕ್ಕೇ ಈ ಪತ್ರ.

ಕಾನೂನಿನ ಪ್ರಕಾರ ಇನ್ನೂ ನಿಮ್ಮ,
ಹೆಂಡತಿ

ವಿ.ಸೂ.: ಇದನ್ನು ಅಂಚೆಗೆ ಹಾಕುತ್ತಿಲ್ಲ. ವಕೀಲಮ್ಮನ ಗುಮಾಸ್ತರ ಕೈಗೆ ಕೊಡುತ್ತಿದ್ದೇನೆ. ನಾಳೆ ನೀವು ಸಾಕ್ಷಿ ಹೇಳಿ ಕಟಕಟೆ ಇಳಿದ ಮೇಲೆಯೇ ಕೊಡಬೇಕು ಎಂದು ಹೇಳಿದ್ದೇನೆ.